ಗಂಗಾಮೂಲದಿಂದ ಕಲಬುರಗಿಗೆ

ಮಕ್ಕಳಿಗೆ ಸದ್ಗುಣವನ್ನು ಬೋಧಿಸಲು ಸಾಧ್ಯವೇ? ದಯೆ, ಸತ್ಯ, ಪರೋಪಕಾರ ಎಂಬ ಮಾತುಗಳನ್ನು ನಾವು ಪಠ್ಯಪುಸ್ತಕಗಳಲ್ಲಿ ಅಚ್ಚುಹಾಕಿಸುತ್ತೇವೆ. ಪರೀಕ್ಷೆಯಲ್ಲಿ ಪ್ರಶ್ನೆಯಾಗಿಯೂ ಕೇಳುತ್ತೇವೆ. ಮೂವತ್ತು ವರ್ಷಕ್ಕೂ ಮಿಕ್ಕಿ ಅಂಥ ಉತ್ತರಪತ್ರಿಕೆಗಳನ್ನು ತಿದ್ದಿದ ನನಗೆ, ಅಂಕಕ್ಕೂ ಗುಣಕ್ಕೂ ಇರುವ ನಂಟಿನ ಬಗೆಗೆ ಹೆಚ್ಚಿನ ಭರವಸೆಯಿಲ್ಲ. ಮಗು ಕೇಳಿದ್ದನ್ನು ಮರೆಯುತ್ತದೆ. ಮನೆಯಲ್ಲಿ ಕಂಡದ್ದನ್ನು ಮರೆಯುವುದಿಲ್ಲ. ಇದಕ್ಕೆ ನಮ್ಮ ನಾಡಿನ ನೆಲದಲ್ಲೇ ಆರಂಭವಾಗಿ ನಮ್ಮ ನಾಡಿಗೇ ಮರಳಿ ಬಂದ ಒಂದು ಮನೆತನದ ಕಥೆಯನ್ನು ನಿದರ್ಶನವಾಗಿ ಹೇಳಬಯಸುತ್ತೇನೆ. ಅದು ಪಂಡಿತಾ ರಮಾಬಾಯಿಯವರ ಮನೆತನ.

ರಮಾಬಾಯಿಯವರು ಹುಟ್ಟಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಚಿತ್ಪಾವನ ಬ್ರಾಹ್ಮಣರು, ದೊಡ್ಡ ವಿದ್ವಾಂಸರು. ಅವರು ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಹೆಂಗಸಿಗೆ ದೇವಭಾಷೆಯೇ ಎಂದು ಸಮಾಜ ಕೆರಳಿತು. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ಶಾಸ್ತ್ರಿಗಳು ಶಾಸ್ತ್ರಾಧಾರಗಳನ್ನೇ ಇಟ್ಟು ಸಮರ್ಥಿಸಿಕೊಂಡರು. ಕಾಡಿನ ಆ ಮನೆಯಲ್ಲಿ ಶಿಷ್ಯರಿಗೂ ಯಾತ್ರಿಕರಿಗೂ ಊಟವಿತ್ತು. ಅತಿಥಿಸತ್ಕಾರದಲ್ಲಿ ಆಸ್ತಿಯೇ ಕರಗಿತು. ರಮಾ ಆರು ತಿಂಗಳ ಕೂಸಾಗಿದ್ದಾಗ ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ಹಗಲೆಲ್ಲ ದುಡಿಮೆಯಿದ್ದುದರಿಂದ ತಾಯಿ ನಸುಕಿನಲ್ಲೇ ಮಗಳನ್ನು ಎಬ್ಬಿಸಿ ಪಾಠ ಹೇಳುತ್ತಿದ್ದರು. ತಾನು ಕಲಿತದ್ದನ್ನು ಮಗಳಿಗೆ ದಾಟಿಸಬೇಕೆಂಬ ಛಲ ಆಕೆಯದು.

1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ, ಮೂವರೂ ಕೆಲವೇ ತಿಂಗಳುಗಳ ಅಂತರದಲ್ಲಿ ತೀರಿಕೊಂಡರು. ವಿದ್ಯೆಯಿತ್ತು, ಧರ್ಮನಿಷ್ಠೆಯಿತ್ತು, ಆದರೆ ಕೈಯಿಂದ ದುಡಿದು ಉಣ್ಣುವ ಕಸುಬು ಆ ಕುಟುಂಬಕ್ಕೆ ತಿಳಿದಿರಲಿಲ್ಲ. ಅಣ್ಣ ಶ್ರೀನಿವಾಸನೊಡನೆ ದೇಶವನ್ನು ಕಾಲ್ನಡೆಯಲ್ಲಿ ಸುತ್ತಿದ ರಮಾ 1878ರಲ್ಲಿ ಕಲಕತ್ತೆ ಸೇರಿದರು. ಅಲ್ಲಿನ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನು ಕೊಟ್ಟರು. ಮುಂದೆ ಮದುವೆ, ಮಗಳು ಮನೋರಮಾ ಹುಟ್ಟಿದ್ದು 1881ರಲ್ಲಿ, ಮರುವರ್ಷವೇ ವೈಧವ್ಯ.

1883ರಲ್ಲಿ ಅವರು ಇಂಗ್ಲೆಂಡಿಗೆ ಹೋದರು. ಅಲ್ಲಿ ಅವರ ಮನಸ್ಸನ್ನು ಮೊದಲು ಕದಲಿಸಿದ್ದು ಧರ್ಮವಾದವಲ್ಲ. ಲಂಡನ್ನಿನ ಫುಲ್‌ಹಮ್‌ನಲ್ಲಿ ಸಮಾಜ ಪತಿತರೆಂದು ದೂರವಿಟ್ಟ ಹೆಂಗಸರನ್ನು ಕ್ರೈಸ್ತ ಸಂನ್ಯಾಸಿನಿಯರು ಅಕ್ಕತಂಗಿಯರಂತೆ ಉಪಚರಿಸುತ್ತಿದ್ದುದನ್ನು ಅವರು ಕಂಡರು. ಈ ಕರುಣೆ ನಿಮಗೆಲ್ಲಿಂದ ಬಂತು ಎಂದು ಕೇಳಿದರು. ಉತ್ತರವಾಗಿ ಒಬ್ಬಾಕೆ ಯೋಹಾನನ ಸುವಾರ್ತೆಯಿಂದ, ಬಾವಿಯ ಬಳಿ ಯೇಸು ಸಮಾರ್ಯದ ಸ್ತ್ರೀಯೊಡನೆ ಮಾತನಾಡಿದ ಪ್ರಸಂಗವನ್ನು ಓದಿ ತೋರಿದರು. ಅದೇ ವರ್ಷ ವಾಂಟೇಜ್‌ನಲ್ಲಿ ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು. ಸ್ವದೇಶದಲ್ಲಿ ಇದು ದೊಡ್ಡ ಕೋಲಾಹಲವನ್ನೆಬ್ಬಿಸಿತು. ಆದರೆ ರಮಾಬಾಯಿ ಯಾರ ಅಡಿಯಾಳೂ ಆಗಲಿಲ್ಲ. ಸಸ್ಯಾಹಾರವನ್ನು ಬಿಡಲಿಲ್ಲ, ಮಗಳಿಗೆ ಯಾವ ಬಗೆಯ ಧರ್ಮಬೋಧೆ ನಡೆಯಬೇಕೆಂಬುದನ್ನು ಕುರಿತು ಸಂನ್ಯಾಸಿನಿಯರೊಡನೆಯೇ ಪತ್ರಮುಖೇನ ಜಗಳವಾಡಿದರು. ಉಡುಪಿಯ ಸಭೆಯ ಮುಂದೆ ನಿಂತ ತಂದೆಯ ಮಗಳಲ್ಲವೇ!

ಆದರೆ ಈ ಆದರ್ಶಕ್ಕೆ ಬೆಲೆ ತೆತ್ತವರು ಯಾರು? ರಮಾಬಾಯಿ ಅಮೆರಿಕದಲ್ಲಿ ಊರೂರು ತಿರುಗಿ ಬಾಲವಿಧವೆಯರಿಗಾಗಿ ಹಣ ಕೂಡಿಸುತ್ತಿದ್ದಾಗ ಪುಟ್ಟ ಮನೋರಮಾ ಇಂಗ್ಲೆಂಡಿನಲ್ಲಿ ಪರರ ಆಶ್ರಯದಲ್ಲಿದ್ದಳು. ಪರರ ಮಕ್ಕಳಿಗೆ ತಾಯಾಗಹೊರಟವಳು ಸ್ವಂತ ಮಗಳಿಂದ ದೂರವಿರಬೇಕಾಯಿತು. ಇದನ್ನು ಮುಚ್ಚಿಟ್ಟು ಅವರನ್ನು ಹೊಗಳುವುದು ನನಗೆ ಸರಿಯೆನಿಸುವುದಿಲ್ಲ. ಇಂಥ ಮಗಳು ತಾಯಿಯ ದಾರಿಯನ್ನೇ ದ್ವೇಷಿಸಿದ್ದರೆ ಆಶ್ಚರ್ಯಪಡುವಂತಿರಲಿಲ್ಲ.

ಆದದ್ದು ಬೇರೆ. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆಯಿತು. ಮುಂದೆ ಅದು ಪುಣೆಗೆ ಸಾಗಿತು. 1896-97ರ ಕ್ಷಾಮದಲ್ಲಿ, ತಾನೇ ಹಸಿದು ಅಲೆದ ದಿನಗಳನ್ನು ನೆನೆದು, ರಮಾಬಾಯಿ ಮಧ್ಯಪ್ರಾಂತಕ್ಕೆ ಹೋಗಿ ನಿರ್ಗತಿಕ ಹೆಣ್ಣುಮಕ್ಕಳನ್ನು ನೂರಾರು ಸಂಖ್ಯೆಯಲ್ಲಿ ಕರೆತಂದರು. ಪುಣೆಯ ಬಳಿಯ ಕೇಡಗಾಂವ್‌ನ ಮುಕ್ತಿ ಸದನದಲ್ಲಿ ಆಶ್ರಿತರ ಸಂಖ್ಯೆ 1900ರ ಹೊತ್ತಿಗೆ ಸಾವಿರವನ್ನು ಮೀರಿತು. ಅಲ್ಲಿ ಓದಿನ ಜೊತೆಗೆ ಬೇಸಾಯ, ನೇಯ್ಗೆ, ಮುದ್ರಣ ಇವೂ ಪಾಠಗಳಾದವು. ಹೆತ್ತವರ ಔದಾರ್ಯವನ್ನು ಉಳಿಸಿಕೊಂಡ ಮಗಳು ಅವರ ಕೊರತೆಯನ್ನು ಹೀಗೆ ತುಂಬಿದಳು. ಮಕ್ಕಳು ನಮ್ಮ ಗುಣದಷ್ಟೇ ಕೊರತೆಯನ್ನೂ ಗಮನಿಸುತ್ತಿರುತ್ತಾರೆ.

ಈ ಎಲ್ಲ ಕೆಲಸದಲ್ಲಿ ಮನೋರಮಾ ತಾಯಿಗೆ ಹೆಗಲಾದರು. 1912ರಲ್ಲಿ, ಆಗ ನಿಜಾಮರ ಸೀಮೆಗೆ ಸೇರಿದ್ದ ಗುಲ್ಬರ್ಗದಲ್ಲಿ, ಇಂದಿನ ಕಲಬುರಗಿಯಲ್ಲಿ, ಒಂದು ಕ್ರೈಸ್ತ ಶಾಲೆ ಆರಂಭವಾಯಿತು. ಅದರ ಹೊಣೆ ಹೊತ್ತವರು ಮನೋರಮಾ. ಅಜ್ಜಿ ಕಾಡಿನ ಮನೆಯಲ್ಲಿ ಕದ್ದುಮುಚ್ಚಿ ಪಡೆದಂತಿದ್ದ ವಿದ್ಯೆಯನ್ನು ಮೊಮ್ಮಗಳು ಅದೇ ಕನ್ನಡ ನೆಲದ ಇನ್ನೊಂದು ಮೂಲೆಯಲ್ಲಿ ಶಾಲೆ ಕಟ್ಟಿ ಹಂಚಿದಳು. 1921ರಲ್ಲಿ ಮನೋರಮಾ ತೀರಿಕೊಂಡರು. ವರ್ಷ ತುಂಬುವ ಮೊದಲೇ, 1922ರ ಏಪ್ರಿಲ್ 5ರಂದು, ತಾಯಿಯೂ ಹೋದರು.

ಅನಂತಶಾಸ್ತ್ರಿಗಳ ದೇವರು ವಿಷ್ಣು. ಮಗಳ ದೇವರು ಕ್ರಿಸ್ತ. ಶಾಸ್ತ್ರಿಗಳು ಬದುಕಿದ್ದರೆ ಮಗಳ ಮತಾಂತರವನ್ನು ಸಹಿಸುತ್ತಿದ್ದರೆಂದು ಹೇಳಲಾರೆ. ಆದರೆ ಹಸಿದವನಿಗೆ ಬಾಗಿಲು ತೆರೆಯುವುದು, ನ್ಯಾಯವೆಂದು ಕಂಡದ್ದಕ್ಕೆ ಒಂಟಿಯಾಗಿ ನಿಲ್ಲುವುದು, ಕಲಿತದ್ದನ್ನು ಹೆಣ್ಣಿಗೂ ಕೊಡುವುದು ಇವು ಮೂರೂ ತಲೆಮಾರುಗಳಲ್ಲಿ ಮುಕ್ಕಾಗದೆ ಹರಿದವು. ಇವನ್ನು ಯಾವ ಪುಸ್ತಕದಿಂದಲೂ ಅವರು ಕಂಠಪಾಠ ಮಾಡಿರಲಿಲ್ಲ. ನಮ್ಮ ಮಕ್ಕಳ ಎದುರು ನಾವು ದಿನವೂ ತೆರೆದಿಡುವ ಪಾಠ ಯಾವುದೆಂದು ಒಮ್ಮೆ ಯೋಚಿಸಿದರೆ, ಈ ಮೂವರು ಹೆಂಗಸರಿಗೆ ನಾವು ಸಲ್ಲಿಸುವ ಗೌರವ ಅದೇ ಆದೀತು.