ಎಂಜಿನ್ ಚಾಲೂ ಇಟ್ಟು ಲಾರಿಯಲ್ಲಿ ಮಲಗುವುದು: ಕಿಟಕಿ ಸ್ವಲ್ಪ ಇಳಿಸಿದರೆ ಸಾಕೇ?

ಕೇಳಿಬರುವ ಮಾತು: "ಡೀಸೆಲ್ ಗಾಡಿ ತಾನೆ, ಏನೂ ಆಗಲ್ಲ. ಎಸಿ ಹಾಕಿ, ಕಿಟಕಿ ಎರಡು ಬೆರಳಷ್ಟು ಇಳಿಸಿ ಮಲಗಿದರೆ ಸಾಕು."

ಚುಟುಕಾಗಿ ಉತ್ತರ: ಸಾಲದು. ಕಿಟಕಿ ತೆರೆದಿದ್ದರೂ ಹೊಗೆಯ ಅಪಾಯ ತಪ್ಪುವುದಿಲ್ಲ.

2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ. ಚಾಲಕರಿಗೆ ಇದು ಒಳ್ಳೆಯ ಸುದ್ದಿಯೇ. ಆದರೆ ಗಾಡಿ ನಿಂತಾಗಲೂ ಎಸಿ ಬೇಕೆಂದರೆ ಸಾಮಾನ್ಯವಾಗಿ ಎಂಜಿನ್ ಓಡುತ್ತಿರಬೇಕು. ಹಾಗಾಗಿ ಈ ಮಾತನ್ನು ಪರಿಶೀಲಿಸುವುದು ಒಳಿತು ಎನಿಸಿತು.

ಡೀಸೆಲ್ ಹೊಗೆಯಲ್ಲಿ ವಿಷವಿಲ್ಲವೇ?

ಪೆಟ್ರೋಲ್ ಎಂಜಿನ್‌ಗಿಂತ ಡೀಸೆಲ್ ಎಂಜಿನ್ ಕಡಿಮೆ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ ಎನ್ನುವುದು ನಿಜ. ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಉಸಿರಾಟ ನಡೆಯುತ್ತಿದ್ದರೂ ದೇಹಕ್ಕೆ ಆಮ್ಲಜನಕ ಸಿಗುವುದಿಲ್ಲ. ನಿದ್ದೆಯಲ್ಲಿರುವವರಿಗೆ ಎಚ್ಚರವೇ ಆಗದಿರಬಹುದು.

ಇನ್ನೊಂದು ಅಪಾಯ ನಿಧಾನದ್ದು. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಘೋಷಿಸಿದೆ.

ಹೊಗೆ ಒಳಗೆ ಬರುವುದು ಹೇಗೆ?

ಸೈಲೆನ್ಸರ್ ಪೈಪಿನಲ್ಲಿ ಬಿರುಕು, ಕ್ಯಾಬಿನ್ ತಳದಲ್ಲಿ ತುಕ್ಕು ಹಿಡಿದ ತೂತು, ಗೇರ್ ಲಿವರ್ ಬಳಿ ಹರಿದ ರಬ್ಬರ್ ಇವೆಲ್ಲ ದಾರಿಗಳೇ. ಗೋದಾಮಿನೊಳಗೆ, ಗೋಡೆಗೆ ಒತ್ತಿ ಅಥವಾ ಸಾಲಾಗಿ ಲಾರಿಗಳು ನಿಂತಲ್ಲಿ ಹೊಗೆ ಚದುರುವುದಿಲ್ಲ. ಆಗ ತೆರೆದ ಕಿಟಕಿಯಿಂದಲೇ ಪಕ್ಕದ ಗಾಡಿಯ ಹೊಗೆ ಒಳಬರಬಹುದು. ಎಸಿ ಕ್ಯಾಬಿನ್ನನ್ನು ತಂಪಾಗಿಸುತ್ತದೆಯೇ ಹೊರತು ಈ ಅನಿಲವನ್ನು ಸೋಸುವುದಿಲ್ಲ.

ಟರ್ಬೊಗೆ ಐಡಲಿಂಗ್ ಬೇಕಲ್ಲವೇ?

ಬೇಕು, ಆದರೆ ಸ್ವಲ್ಪ ಹೊತ್ತು ಮಾತ್ರ. ಘಾಟಿ ಹತ್ತಿ ಬಂದ ಕೂಡಲೇ ಎಂಜಿನ್ ಆಫ್ ಮಾಡಿದರೆ ಬಿಸಿಯಾದ ಟರ್ಬೊಗೆ ಆಯಿಲ್ ಹರಿವು ನಿಲ್ಲುತ್ತದೆ. ಅದು ತಣಿಯಲು ಕೆಲವೇ ನಿಮಿಷ ಸಾಕು. ಎಷ್ಟು ಎಂಬುದು ಗಾಡಿಯ ಕೈಪಿಡಿಯಲ್ಲಿರುತ್ತದೆ. ರಾತ್ರಿಯಿಡೀ ಚಾಲೂ ಇಡಲು ಅದು ಕಾರಣವಲ್ಲ.

ಏನು ಮಾಡಬೇಕು?

• ಮಲಗುವಾಗ ಎಂಜಿನ್ ಆಫ್ ಮಾಡಿ. ಗಾಳಿಯಾಡುವ ಬಯಲಲ್ಲಿ, ಬೇರೆ ಲಾರಿಗಳ ಸೈಲೆನ್ಸರ್‌ನಿಂದ ದೂರ ನಿಲ್ಲಿಸಿ. ಸೆಖೆಗೆ ಬ್ಯಾಟರಿ ಫ್ಯಾನ್, ಸೊಳ್ಳೆಪರದೆ ಬಳಸಿ.
• ಸರ್ವಿಸ್ ವೇಳೆ ಸೈಲೆನ್ಸರ್ ಸೋರಿಕೆ ನೋಡಿಸಿ.
• ಮುಚ್ಚಿದ ಕ್ಯಾಬಿನ್‌ನಲ್ಲಿ ಸ್ಟೌವ್, ಕೆಂಡ ಉರಿಸಬೇಡಿ. ಅವೂ ಇದೇ ಅನಿಲ ಬಿಡುತ್ತವೆ.
• ಚಾಲಕ, ಕ್ಲೀನರ್ ಇಬ್ಬರಿಗೂ ಒಟ್ಟಿಗೇ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಬರೀ ಸುಸ್ತು ಎಂದುಕೊಳ್ಳಬೇಡಿ. ತಕ್ಷಣ ಕೆಳಗಿಳಿದು ಬಯಲಿಗೆ ಬನ್ನಿ.
• ಯಾರಾದರೂ ಎಚ್ಚರ ತಪ್ಪಿದ್ದರೆ ಬಾಗಿಲು ತೆರೆದು, ಎಂಜಿನ್ ಆಫ್ ಮಾಡಿ, ಅವರನ್ನು ಹೊರಗೆ ತಂದು 108ಕ್ಕೆ ಕರೆ ಮಾಡಿ. ನಿಂಬೆರಸ, ಮಜ್ಜಿಗೆ ಇದಕ್ಕೆ ಮದ್ದಲ್ಲ. ಬೇಕಿರುವುದು ಆಸ್ಪತ್ರೆಯ ಆಮ್ಲಜನಕ. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿದರೂ ನಂಬಬೇಡಿ. ಈ ವಿಷವನ್ನೂ ಅದು ಆಮ್ಲಜನಕವೆಂದೇ ಎಣಿಸುತ್ತದೆ.

ನಮ್ಮ ತೀರ್ಮಾನ: ಈ ಮಾತು ತಪ್ಪು, ಅಪಾಯಕಾರಿ. ನಿಮ್ಮ ಮನೆಯಲ್ಲಿ, ಊರಲ್ಲಿ ಲಾರಿ ಓಡಿಸುವವರಿದ್ದರೆ ಇದನ್ನು ಅವರಿಗೆ ಕಳುಹಿಸಿ.