ಪಾರಿವಾಳದ ಗರಿಯ ಬಣ್ಣ ಮತ್ತು ವಂಶಾವಳಿ



ಈ ಲೇಖನವನ್ನು ನಾನು ಬಹಳ ಹಿಂದೆಯೇ ಬರೆಯಬೇಕಾಗಿತ್ತು. ಪಾರಿವಾಳಗಳ ಇತಿಹಾಸವನ್ನು ಹೇಳುವುದು ಇದರ ಉದ್ದೇಶವಾದರೂ, ಒಬ್ಬ ಹುಡುಗನಿಗೆ ನಾನು ಸಲ್ಲಿಸಬೇಕಾದ ಋಣವೂ ಇದರಲ್ಲಿ ಸೇರಿದೆ.

1970ರ ದಶಕದಲ್ಲಿ ಘಟಪ್ರಭಾ ರೈಲು ನಿಲ್ದಾಣದ ಸಮೀಪದ ಶಾಲೆಯೊಂದರಲ್ಲಿ ನಾನು ಇತಿಹಾಸ, ವಿಜ್ಞಾನ ಎರಡನ್ನೂ ಕಲಿಸುತ್ತಿದ್ದೆ. ಏಳನೆಯ ತರಗತಿಯ ಹಿಂದಿನ ಸಾಲಿನಲ್ಲಿ ಕೂಡುತ್ತಿದ್ದ ಹುಡುಗನೊಬ್ಬ ಮನೆಯ ಮಾಳಿಗೆಯ ಮೇಲೆ ಪಾರಿವಾಳ ಸಾಕಿದ್ದ. ಕುಡಚಿಗೆ ಹೋಗುವ ಸೋದರಮಾವನ ಕೈಯಲ್ಲಿ ಹಕ್ಕಿಗಳ ಬುಟ್ಟಿ ಕೊಟ್ಟು ರೈಲಿಗೆ ಕಳಿಸಿ, ಅವು ಹಾರಿ ಮರಳುವುದನ್ನು ಕಾಯುತ್ತ ಎಷ್ಟೋ ದಿನ ಶಾಲೆ ತಪ್ಪಿಸುತ್ತಿದ್ದ. ಒಂದು ದಿನ ನಾನು ಅನುವಂಶೀಯತೆಯ ಪಾಠ ಮಾಡುತ್ತ, ಮಕ್ಕಳೆಲ್ಲ ತಂದೆತಾಯಿಯರಿಬ್ಬರ ಗುಣಗಳನ್ನೂ ಸಮನಾಗಿ ಪಡೆಯುತ್ತವೆ ಎಂದೆ. ಅವನು ಎದ್ದು ನಿಂತ.

"ಪಾರಿವಾಳದಾಗ ಹಂಗ ಇಲ್ರೀ ಸರ್. ಅಪ್ಪ ಬೂದಿ, ಅವ್ವ ಕೆಂಪ ಇದ್ರ, ಗಂಡ ಮರಿ ಎಲ್ಲಾ ಕೆಂಪ, ಹೆಣ್ಣ ಮರಿ ಎಲ್ಲಾ ಬೂದಿ ಆಗ್ತಾವ್ರೀ."

ತರಗತಿ ನಕ್ಕಿತು. ನಾನೂ ನಕ್ಕೆ. "ಪಾರಿವಾಳದ ಗೂಡಿನಾಗ ಶಾಣ್ಯಾ ಆಗೂದು ಬಿಟ್ಟು ಪುಸ್ತಕದಾಗ ಆಗು" ಎಂದು ಕೂಡಿಸಿದೆ. ಅನಂತರ ಅವನು ನನ್ನ ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಮರುವರ್ಷ ಶಾಲೆಗೂ ಬರಲಿಲ್ಲ. ನಿವೃತ್ತಿಯ ಬಳಿಕ ಪಾರಿವಾಳಗಳ ಕುರಿತು ಓದಲಾರಂಭಿಸಿದಾಗ, ಅವನ ಮಾತು ಅಕ್ಷರಶಃ ನಿಜವೆಂದು ತಿಳಿಯಿತು.

ಪಾರಿವಾಳ ಸಾಕುವುದು ಪೋಕರಿ ಹುಡುಗರ ಕೆಲಸವೆಂಬ ಭಾವನೆ ನಮ್ಮಲ್ಲಿದೆ. ಆದರೆ ಈ ಹವ್ಯಾಸಕ್ಕೆ ನಮ್ಮ ನಾಡಿನಲ್ಲಿಯೇ ದೊಡ್ಡ ಪರಂಪರೆಯಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸನ ವಿನೋದಗಳನ್ನು ವಿವರಿಸುವ ಭಾಗವಿದೆ. ಗಜ, ತುರಗ, ಮಲ್ಲ ವಿನೋದಗಳ ಸಾಲಿನಲ್ಲಿಯೇ ಪಾರಾವತ ವಿನೋದಕ್ಕೂ ಅಲ್ಲಿ ಸ್ಥಾನ ದೊರೆತಿದೆ. ಪಾರಾವತವೆಂದರೆ ಪಾರಿವಾಳ. ಮುಂದೆ ಅಕ್ಬರನ ಆಸ್ಥಾನದಲ್ಲಿ 20,000ಕ್ಕೂ ಹೆಚ್ಚು ಪಾರಿವಾಳಗಳಿದ್ದುವೆಂದು ಅಬುಲ್ ಫಜಲನು 'ಐನ್-ಇ-ಅಕ್ಬರಿ'ಯಲ್ಲಿ ಬರೆದಿದ್ದಾನೆ. ಅವುಗಳಲ್ಲಿ 500 ಮಾತ್ರ ಆಯ್ದ ಹಕ್ಕಿಗಳು. ಬೇರೆ ಬೇರೆ ತಳಿಗಳನ್ನು ಕೂಡಿಸಿ ಬಾದಶಹನು ಅವುಗಳನ್ನು ಬಹಳವಾಗಿ ಸುಧಾರಿಸಿದನೆಂದೂ ಆತ ಹೇಳುತ್ತಾನೆ.

ಈ ಕಥೆಯ ಮುಂದಿನ ಕೊಂಡಿ ನಮ್ಮ ಬೆಳಗಾವಿ ಜಿಲ್ಲೆಯಲ್ಲಿಯೇ ಇದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಥ್ಯಾಕರೆ ಹತನಾದ ಪ್ರಸಂಗವನ್ನು ನಾನು ನಿಮಗೆ ಎಷ್ಟೋ ಸಲ ಪಾಠ ಹೇಳಿದ್ದೇನೆ. ಆಗ ರಾಣಿ ಚೆನ್ನಮ್ಮನವರ ಕಡೆಯವರು ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಇಬ್ಬರು ಆಂಗ್ಲ ಅಧಿಕಾರಿಗಳನ್ನು ಸೆರೆಹಿಡಿದರೆಂಬುದು ನಿಮಗೆ ನೆನಪಿರಬಹುದು. ಪರೀಕ್ಷೆಗಾಗಿ ಆ ಎರಡು ಹೆಸರುಗಳನ್ನು ಬಾಯಿಪಾಠ ಮಾಡಿಸಿ ಮುಂದೆ ಹೋಗಿಬಿಡುತ್ತಿದ್ದೆ. ಆ ಎಲಿಯಟ್ ಯಾರೆಂಬುದನ್ನು ನಾನೇ ವಿಚಾರಿಸಿರಲಿಲ್ಲ.

1803ರಲ್ಲಿ ಹುಟ್ಟಿದ ವಾಲ್ಟರ್ ಎಲಿಯಟ್‌ನಿಗೆ ಸೆರೆಯಾದಾಗ ಇಪ್ಪತ್ತೊಂದು ವರ್ಷ. ಬಿಡುಗಡೆಯಾದ ಮೇಲೂ ಹಲವು ವರ್ಷ ಧಾರವಾಡ ಸೀಮೆಯಲ್ಲಿ ಕೆಲಸ ಮಾಡಿದ. ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿದ. ಇಲ್ಲಿಯ ಸಸ್ತನಿಗಳ ಪಟ್ಟಿಯನ್ನು 1839ರಲ್ಲಿ ಪ್ರಕಟಿಸಿದಾಗ ಅವುಗಳ ಕನ್ನಡ ಹೆಸರುಗಳನ್ನೂ ಬರೆದ. ಬೇಟೆಗಾರರನ್ನೂ ಹಳ್ಳಿಗರನ್ನೂ ಕೇಳದೆ ಆ ಹೆಸರುಗಳು ಅವನಿಗೆ ದೊರೆಯುವಂತಿರಲಿಲ್ಲ. 1856ರಲ್ಲಿ ಚಾರ್ಲ್ಸ್ ಡಾರ್ವಿನ್ ಅವನಿಗೆ ಪತ್ರ ಬರೆದು, ಭಾರತದ ಪಾರಿವಾಳ ಹಾಗೂ ಕೋಳಿಗಳ ಚರ್ಮಗಳನ್ನು ಕಳುಹಿಸಬೇಕೆಂದು ಕೋರಿದ. ಆಗ ಮದರಾಸಿನಲ್ಲಿ ಉನ್ನತ ಅಧಿಕಾರಿಯಾಗಿದ್ದ ಎಲಿಯಟ್ ಅವುಗಳನ್ನು ಕಳುಹಿಸಿದ. ಪಾರಿವಾಳಗಳ ಬಗ್ಗೆ ಇದ್ದ ಹಳೆಯ ಪಾರಸಿ ಗ್ರಂಥವೊಂದರ ಅನುವಾದವನ್ನೂ ಒದಗಿಸಿಕೊಟ್ಟ. 1859ರಲ್ಲಿ ಹೊರಬಂದ 'ಜೀವಜಾತಿಗಳ ಉಗಮ' ಗ್ರಂಥದ ಮೊದಲ ಅಧ್ಯಾಯದಲ್ಲಿಯೇ ಡಾರ್ವಿನ್ ಎಲಿಯಟ್‌ನ ಉಪಕಾರವನ್ನು ಸ್ಮರಿಸಿದ್ದಾನೆ.

ಡಾರ್ವಿನ್ ಸ್ವತಃ ಪಾರಿವಾಳ ಸಾಕಿದ, ಲಂಡನ್ನಿನ ಪಾರಿವಾಳಪ್ರಿಯರ ಸಂಘಗಳಿಗೆ ಸೇರಿದ, ಅವರ ಮಾತನ್ನು ಆಸಕ್ತಿಯಿಂದ ಆಲಿಸಿದ. ಬಿಳಿಯ ಮತ್ತು ಕರಿಯ ತಳಿಗಳನ್ನು ಕೂಡಿಸಿ, ಹುಟ್ಟಿದ ಮರಿಗಳನ್ನು ಮತ್ತೆ ತಮ್ಮತಮ್ಮಲ್ಲಿ ಕೂಡಿಸಿದಾಗ, ಬೂದು-ನೀಲಿ ಮೈಯ, ರೆಕ್ಕೆಯ ಮೇಲೆ ಎರಡು ಕಪ್ಪು ಪಟ್ಟೆಗಳ ಹಕ್ಕಿ ಹುಟ್ಟಿತು. ಗೋಕಾಕ ಜಲಪಾತದ ಬಂಡೆಗಳ ಸಂದಿನಲ್ಲಿ ನೀವೆಲ್ಲರೂ ಕಂಡಿರುವ ಕಾಡು ಪಾರಿವಾಳದ ಬಣ್ಣ ಇದೇ. ಯುರೋಪಿನ ಹಕ್ಕಿಗೆ ಸೊಂಟದ ಬಳಿ ಬಿಳುಪು, ನಮ್ಮದಕ್ಕೆ ಅಲ್ಲಿಯೂ ಬೂದಿ, ಅಷ್ಟೇ ವ್ಯತ್ಯಾಸ. ಸಾಕು ಪಾರಿವಾಳಗಳೆಲ್ಲವೂ ಈ ಒಂದೇ ಮೂಲದಿಂದ ಬಂದವೆಂದು ಡಾರ್ವಿನ್ ನಿರ್ಣಯಿಸಿದ.

ಇನ್ನು ನನ್ನ ವಿದ್ಯಾರ್ಥಿಯ ಮಾತು. ಪಾರಿವಾಳದ ಮೂಲವರ್ಣಗಳು ಮೂರು: ಬೂದಿಗೆಂಪು, ನೀಲಿ ಮತ್ತು ಕಂದು. ಅವನು 'ಬೂದಿ' ಎಂದುದನ್ನೇ ಸಾಕುವವರು ನೀಲಿ ಎನ್ನುತ್ತಾರೆ. ಇವುಗಳಲ್ಲಿ ಬೂದಿಗೆಂಪು ಪ್ರಬಲ. ಅದರ ಕೆಳಗೆ ನೀಲಿ, ಕೊನೆಗೆ ಕಂದು. ಈ ಬಣ್ಣವನ್ನು ನಿರ್ಧರಿಸುವ ವಂಶವಾಹಿಯು ಲಿಂಗವನ್ನು ನಿರ್ಧರಿಸುವ ವರ್ಣತಂತುವಿನ ಮೇಲಿದೆ. ಗಂಡು ಹಕ್ಕಿಗೆ ಆ ವರ್ಣತಂತು ಎರಡು, ಹೆಣ್ಣಿಗೆ ಒಂದೇ. ಆ ಒಂದೂ ತಂದೆಯಿಂದಲೇ ಬರಬೇಕು. ಆದುದರಿಂದ ನೀಲಿ ತಂದೆಯ ಹೆಣ್ಣುಮರಿಗಳೆಲ್ಲ ನೀಲಿಯಾಗುತ್ತವೆ. ಕೆಂಪು ತಾಯಿಯ ಬಣ್ಣ ಗಂಡುಮರಿಗಳಿಗೆ ಮಾತ್ರ ಹೋಗುತ್ತದೆ. ಅಮೆರಿಕದ ಕೋಲ್ ಮತ್ತು ಕೆಲ್ಲಿ ಎಂಬ ವಿಜ್ಞಾನಿಗಳು ಪಾರಿವಾಳದ ಇಂತಹ ಲಿಂಗಸಂಬಂಧಿ ಲಕ್ಷಣಗಳ ಕುರಿತು 1919ರಲ್ಲಿ ಪ್ರಬಂಧ ಪ್ರಕಟಿಸಿದ್ದರು. ಆ ವಂಶವಾಹಿ ಯಾವುದೆಂಬುದನ್ನು 2014ರಲ್ಲಿ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು ಗುರುತಿಸಿದರು. ನಮ್ಮ ಹುಡುಗ ಅದನ್ನು ಮಾಳಿಗೆಯ ಮೇಲೆ ಕೂತು ಕಣ್ಣಾರೆ ಕಂಡುಕೊಂಡಿದ್ದ.

ಓಟದ ಪಾರಿವಾಳ ಸಾಕುವವರು ಪ್ರತಿ ಹಕ್ಕಿಯ ಕಾಲಿಗೆ ಸಂಖ್ಯೆಯ ಉಂಗುರ ತೊಡಿಸಿ, ಅದರ ತಂದೆತಾಯಿ, ಅಜ್ಜ ಅಜ್ಜಿಯರ ಪಟ್ಟಿಯನ್ನು ಬಣ್ಣದೊಡನೆ ಬರೆದಿಡುತ್ತಾರೆ. ಬಣ್ಣದಿಂದ ಒಂದು ಪ್ರಯೋಜನವುಂಟು. ತಂದೆತಾಯಿಯರಿಬ್ಬರೂ ನೀಲಿಯೆಂದು ಬರೆದಿದ್ದು ಮರಿ ಬೂದಿಗೆಂಪಾಗಿದ್ದರೆ, ಆ ವಂಶಾವಳಿ ಸುಳ್ಳೆಂದು ತಿಳಿಯಬಹುದು. ಆದರೆ ಹಕ್ಕಿ ಎಷ್ಟು ಬೇಗ ಮನೆ ಸೇರುತ್ತದೆಂಬುದನ್ನು ಬಣ್ಣ ಹೇಳಲಾರದು. ಎಲ್ಲ ಬಣ್ಣದ ಹಕ್ಕಿಗಳೂ ಗೆದ್ದಿವೆ, ಎಲ್ಲ ಬಣ್ಣದವೂ ದಾರಿತಪ್ಪಿವೆ. 2020ರಲ್ಲಿ ಬೆಲ್ಜಿಯಂನ 'ನ್ಯೂ ಕಿಮ್' ಎಂಬ ಹೆಣ್ಣು ಪಾರಿವಾಳ 16 ಲಕ್ಷ ಯೂರೋಗಳಿಗೆ ಹರಾಜಾಯಿತು. ಅಷ್ಟು ಬೆಲೆ ಬಂದದ್ದು ಅದರ ಗೆಲುವಿಗೆ, ಅದರ ಮರಿಗಳೂ ಗೆಲ್ಲಬಹುದೆಂಬ ಆಸೆಗೆ.

'ಶುದ್ಧ ರಕ್ತ'ದ ಮಾತೂ ಹೀಗೆಯೇ. ಇಂದು ಬೆಂಗಳೂರಿನಲ್ಲಿ ಓಟಕ್ಕೆ ಬಿಡುವ ಹೋಮರ್ ಪಾರಿವಾಳದ ಪೂರ್ವಿಕರನ್ನು ಹತ್ತೊಂಬತ್ತನೆಯ ಶತಮಾನದ ಬೆಲ್ಜಿಯಂನಲ್ಲಿ ಹಲವು ತಳಿಗಳನ್ನು ಬೆರೆಸಿಯೇ ರೂಪಿಸಲಾಯಿತು. ರೆಕ್ಕೆಯ ಮೇಲಿನ ಚೌಕಳಿ ವಿನ್ಯಾಸವಂತೂ ಆಫ್ರಿಕದ ಇನ್ನೊಂದು ಜಾತಿಯ ಪಾರಿವಾಳದೊಡನೆ ಎಂದೋ ಆದ ಸಂಕರದಿಂದ ಬಂದುದೆಂದು 2018ರ ಸಂಶೋಧನೆ ತೋರಿಸಿದೆ.

ಇದನ್ನೆಲ್ಲ ಓದುವಾಗ ಆ ಹಿಂದಿನ ಸಾಲು ಕಣ್ಣ ಮುಂದೆ ಬರುತ್ತದೆ. ಯಾರ ಮಗ, ಯಾವ ಓಣಿಯವನು, ಯಾವ ಸಾಲಿನಲ್ಲಿ ಕೂಡುತ್ತಾನೆ ಎಂಬುದನ್ನು ನೋಡಿಯೇ ಅವನಿಗೆ ಏನೂ ತಿಳಿಯದೆಂದು ನಾನು ತೀರ್ಮಾನಿಸಿದ್ದೆ. ಗರಿ ನೋಡಿ ಹಕ್ಕಿಯ ಹಾರಾಟವನ್ನು ಅಳೆದಂತಾಯಿತು. ಡಾರ್ವಿನ್ ಪಾರಿವಾಳ ಸಾಕುವವರ ಬಳಿ ತಾನೇ ಹೋಗಿ ಕೇಳಿದ. ನನ್ನ ಬಳಿ ಅವನೇ ಎದ್ದು ನಿಂತು ಹೇಳಿದರೂ ನಾನು ಕೇಳಲಿಲ್ಲ.

ನಿಮ್ಮಲ್ಲಿ ಅವನ ಸಹಪಾಠಿಗಳಿದ್ದೀರಿ. ಹೆಸರು ಬರೆಯುವುದಿಲ್ಲ, ನಿಮಗೆ ಗೊತ್ತಾಗುತ್ತದೆ. ಅವನು ಎಲ್ಲಿಯಾದರೂ ಸಿಕ್ಕರೆ, ಅಂದು ಅವನ ಉತ್ತರ ಸರಿಯಾಗಿತ್ತು, ತಪ್ಪು ಸರ್‌ ಅವರದಾಗಿತ್ತು ಎಂದು ದಯವಿಟ್ಟು ತಿಳಿಸಿ.