ಸಂಬಳಮಿತಿ

ಬಸವನಗುಡಿಯ ಮನೆಗಳಲ್ಲಿ ತಿಂಗಳ ಮೊದಲ ದಿನದೊಡನೆ ಬೆಸೆದುಕೊಂಡಿರುವ ‘ಸಂಬಳ’ವೆಂಬ ಪದವು ಸಂಸ್ಕೃತದ ‘ಶಂಬಲ’ದಿಂದ ಬಂದುದು, ಅಲ್ಲಿ ಅದರ ಅರ್ಥ ಪಾಥೇಯ, ದಾರಿಯ ಬುತ್ತಿ. ದೂರ ಪಯಣಿಸುವವನಿಗೆ ಕಟ್ಟಿಕೊಟ್ಟ ಆಹಾರವೇ ಕಾಲಕ್ರಮದಲ್ಲಿ ದುಡಿಮೆಯ ಪ್ರತಿಫಲವಾಗಿ ಪರಿಣಮಿಸಿದ ಈ ಅರ್ಥಸಂಕ್ರಮಣವು ನನಗೆ ಅತ್ಯಂತ ಮನೋಹರವೆನಿಸುತ್ತದೆ. ‘ಮಿತಿ’ಯಾದರೋ ಅಳೆಯುವುದೆಂಬರ್ಥದ ‘ಮಾ’ ಧಾತುವಿನಿಂದ ಹುಟ್ಟಿದುದು.

2013ರಲ್ಲಿ ಸ್ಥಾಪಿತವಾಗಿ, 2017ರಲ್ಲಿ ಇಂಡಿಯನ್ ಸೂಪರ್ ಲೀಗನ್ನು ಸೇರಿ, 2018–19ರಲ್ಲಿ ಅದರ ಪ್ರಶಸ್ತಿಯನ್ನೂ ಗೆದ್ದ ಫುಟ್‌ಬಾಲ್ ತಂಡವಾದ ಬೆಂಗಳೂರು ಎಫ್‌ಸಿಯ ಕಾರಣದಿಂದ ಈ ಎರಡು ಪದಗಳ ಸಮಾಸವು ನಮಗೆ ಸಮೀಪದ್ದಾಯಿತು. ಒಂದು ತಂಡವು ತನ್ನ ಆಟಗಾರರೆಲ್ಲರಿಗೂ ಕೂಡಿ ಒಂದು ಋತುವಿನಲ್ಲಿ ಕೊಡಬಹುದಾದ ಮೊತ್ತಕ್ಕೆ ಲೀಗು ವಿಧಿಸಿದ ಎಲ್ಲೆಯು, ಕೆಲವು ವಿನಾಯಿತಿಗಳೊಡನೆ, 16.5 ಕೋಟಿ ರೂಪಾಯಿಗಳಷ್ಟಿದ್ದಿತು. ಎಂದಮೇಲೆ ಒಬ್ಬ ಖ್ಯಾತ ಆಟಗಾರನ ಒಪ್ಪಂದವು ಹಿಗ್ಗಿದಷ್ಟೂ ಉಳಿದವರ ಪಾಲು ಕುಗ್ಗುವುದು ಅನಿವಾರ್ಯ, ತರುಣರನ್ನು ಅಲ್ಪವೇತನದ ದೀರ್ಘ ಒಪ್ಪಂದಗಳಲ್ಲಿ ಹಿಡಿದಿಡುವ ಪ್ರಲೋಭನವೂ ಸಹಜ.

ಅಮೆರಿಕನ್ ಫುಟ್‌ಬಾಲ್ ಲೀಗಾದ ಎನ್‌ಎಫ್‌ಎಲ್‌ನಲ್ಲಿ 1994ರಲ್ಲಿ ಜಾರಿಗೆ ಬಂದ ಮಿತಿಯು ಕಠಿನತರವಾದುದು. ಸಹಿಯ ವೇಳೆ ಕೊಟ್ಟ ಬೋನಸ್ಸನ್ನು ಲೆಕ್ಕದಲ್ಲಿ ಗರಿಷ್ಠ 5 ವರ್ಷಗಳಿಗೆ ಸಮನಾಗಿ ಹಂಚಲು ಅಲ್ಲಿ ಅವಕಾಶವಿರುವುದರಿಂದ ಒಪ್ಪಂದಗಳು ಕಾಗದದ ಮೇಲೆ ಉದ್ದವಾಗುತ್ತವೆ. ನಡುವೆ ಆಟಗಾರನನ್ನು ಕೈಬಿಟ್ಟರೆ, ಹಂಚಿಕೆಯಲ್ಲಿ ಉಳಿದ ಬೋನಸ್ಸಿನ ಭಾರವು ಅವನಿಲ್ಲದ ತಂಡದ ಮಿತಿಯೊಳಗೇ ಕುಳಿತಿರುತ್ತದೆ. ತಂಡಗಳ ಸಮತೋಲಕ್ಕಾಗಿ ಇಂತಹ ಎಲ್ಲೆಯು ಅವಶ್ಯವೆಂದು ಒಪ್ಪುವೆನಾದರೂ, ಗಾಯವೊಂದರಿಂದಲೇ ಮುಗಿಯಬಹುದಾದ ವೃತ್ತಿಯಲ್ಲಿ ಕನಿಷ್ಠವೇತನದ ಖಾತ್ರಿಯೂ ಅದರ ಜೊತೆಗಿರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.